ಕೇತಮ್ಮ ತಂದ ಹೊನ್ನೆಬೀಜ

ಬಹಳ ಹಿಂದೆ, ಯಾವ ಕಾಲವೆಂದು ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ, ಒಂದು ಬಂಡೆಗುಡ್ಡದ ಬುಡದಲ್ಲಿ ಒಂದು ಹಾಡಿಯಿತ್ತಂತೆ. ಸುತ್ತ ಹೊನ್ನೆಮರದ ಕಾಡು. ಆದರೆ ಎಂಥ ಹೊನ್ನೆ! ಒಂದು ಮರವೂ ನೆಟ್ಟಗಿರಲಿಲ್ಲವಂತೆ. ತಪ್ಪು ಮರದ್ದಲ್ಲ, ನಮ್ಮವರದೇ. ಕಂಬಕ್ಕೆಂದು, ನೇಗಿಲಿಗೆಂದು ನೆಟ್ಟಗಿದ್ದದ್ದನ್ನೆಲ್ಲ ಕಡಿದರು, ಸೊಟ್ಟಗಿದ್ದದ್ದನ್ನು ಬಿಟ್ಟರು. ಆ ಸೊಟ್ಟ ಮರಗಳ ಬೀಜವೇ ಬಿದ್ದು ಬೆಳೆಯಿತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುವುದು ಮರಕ್ಕೂ ಸಲ್ಲುತ್ತದೆ.

ನೆಟ್ಟಗಿನ ತಾಯಿಮರ ಉಳಿದದ್ದು ಒಂದೇ, ಕಡಿದಾದ ಬಂಡೆಯ ನಡುಮೈಯಲ್ಲಿ, ಕೊಡಲಿ ಮುಟ್ಟದ ಜಾಗದಲ್ಲಿ. ಅದೂ ಮುದಿಯಾಗಿ ಅರ್ಧ ಒಣಗಿತ್ತು. ಹೊನ್ನೆಕಾಯಿಗೆ ರೆಕ್ಕೆಯುಂಟು, ಬಲಿತ ಮೇಲೆ ಗಾಳಿ ಬೀಸಿದರೆ ಎಲ್ಲ ಕಣಿವೆಯ ಹೊಳೆಗೆ. ಆ ವರ್ಷ ತಪ್ಪಿದರೆ ಇನ್ನೊಮ್ಮೆ ಕಾಯಿ ಬಿಡುತ್ತದೋ ಇಲ್ಲವೋ, ದೇವರೇ ಬಲ್ಲ.

ಬೀಜ ತರುತ್ತೇನೆಂದು ಎದ್ದವನು ಜೇನು ಕೀಳುವ ಜಡೆಯ. ಅಷ್ಟರಲ್ಲಿ ಕಾಲು ಮುರಿದುಕೊಂಡನಂತೆ. ನಾನೇ ಇಳಿಯುತ್ತೇನೆ ಅಂದಳು ಹೆಂಡತಿ ಕೇತಮ್ಮ. ಹಾಡಿಯೆಲ್ಲ ನಕ್ಕಿತು. ಬಂಡೆ ಇಳಿಯುವವನ ಹಗ್ಗ ಹಿಡಿಯುವುದು ಅವನ ಹೆಂಡತಿಯ ಅಣ್ಣತಮ್ಮಂದಿರು. ಒಡಹುಟ್ಟಿದವಳ ತಾಳಿ ಕೀಳಲು ಯಾರಿಗೆ ಮನಸ್ಸು ಬರುತ್ತದೆ? ಹೆಂಗಸೇ ಇಳಿದರೆ? ಆ ಪ್ರಕಾರ ಹಿಡಿಯಬೇಕಾದವಳು ಗಂಡನ ತಂಗಿ. ಆ ನಾದಿನಿ ರಾಚಮ್ಮನಿಗೂ ಕೇತಮ್ಮನಿಗೂ ಮೂರು ವರ್ಷದಿಂದ ಮಾತಿಲ್ಲ. ಒಂದು ಕೋಳಿಯ ಜಗಳವಂತೆ. ಕೋಳಿ ಸಾರಾಗಿ ಎಷ್ಟೋ ಕಾಲವಾಗಿತ್ತು, ಜಗಳ ಇನ್ನೂ ಬದುಕಿತ್ತು.

ಆದರೂ ರಾಚಮ್ಮ ಬಂದಳು. ಅತ್ತಿಗೆಯ ಮುಖ ನೋಡದೆ ಅಣ್ಣನಿಗೆ ಹೇಳಿದಳಂತೆ, "ಅವಳು ಬಿದ್ರೆ ಆ ಮಕ್ಕಳ ನಾನೇ ತಾನೆ ಸಾಕಬೇಕು? ಹಗ್ಗ ನಾನೇ ಹಿಡೀತೀನಿ ಬುಡಣ್ಣ."

ಕೆಳಗಿದ್ದವರು ಮೇಲಿದ್ದವರಿಗೆ ಕಾಣುವುದಿಲ್ಲ. ಅದಕ್ಕೇ ಒಬ್ಬರು ಕೂಗಬೇಕು, ಇನ್ನೊಬ್ಬರು ಓಗೊಡಬೇಕು. ಇವರೋ ಮಾತು ಬಿಟ್ಟವರು! ಹಗ್ಗ ಜಗ್ಗಿ ಜಗ್ಗಿಯೇ ತಿಳಿಸಿಕೊಂಡರಂತೆ, ಒಮ್ಮೆ ಜಗ್ಗಿದರೆ ಬಿಡು, ಎರಡು ಸಲ ಜಗ್ಗಿದರೆ ಎಳೆ.

ಕೇತಮ್ಮ ಮರದ ತನಕ ಇಳಿದು, ಬಲಿತ ಕಾಯನ್ನೇ ಆರಿಸಿ ಮಡಿಲು ತುಂಬಿಕೊಂಡಳು. ಆಗ ಗಾಳಿ ಎದ್ದಿತು. ಮಡಿಲ ಗಂಟು ಸಡಿಲಿತು. ಕೈಯೆರಡೂ ಬಂಡೆಗೆ ಅಂಟಿದ್ದರಿಂದ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. ಹಗ್ಗ ಕಲ್ಲಸಂದಿಗೆ ಸಿಕ್ಕಿತು. ಎಷ್ಟು ಜಗ್ಗಿದರೂ ಮೇಲೆ ತಿಳಿಯದು. ರಾಚಮ್ಮನ ಕೈಯಲ್ಲಿ ಹಗ್ಗ ಸತ್ತ ಹಾವಿನಂತೆ ಬಿದ್ದಿತ್ತು. ಅವಳು ಬಂಡೆಯಂಚಿಗೆ ಬಗ್ಗಿ ಕೂಗಿದಳು.

"ಅತ್ಗೇ! ಅತ್ಗೇ, ಇದ್ದೀಯಾ?"

ಆ ಕೂಗಿಗೆ ಎದುರುಗುಡ್ಡದ ಆನೆಗಳು ಬೆಚ್ಚಿ ನಿಂತವು ಅನ್ನುತ್ತಾರೆ. ಕೆಳಗೆ ಕೇತಮ್ಮ ಬಾಯಿ ಬಿಟ್ಟರೆ ಬೀಜ ಹೋಗುತ್ತದೆ, ಬಿಡದಿದ್ದರೆ ಪ್ರಾಣ. ಅದಕ್ಕಿಂತ ಹೆಚ್ಚಾಗಿ, ಮೇಲೆ ಆ ಹುಡುಗಿ ಅಳುತ್ತಿದ್ದಾಳಲ್ಲ!

"ಇದ್ದೀನಿ ಕಣೇ ರಾಚೀ! ಎಡಕ್ಕೆ ಬಂದು ಎಳಿ!"

ಬೀಜವೆಲ್ಲ ಗಾಳಿಗೆ ಹಾರಿತಂತೆ. ರಾಚಮ್ಮ ಎಳೆದಳು, ಅಂಗೈ ಸುಲಿದರೂ ಎಳೆದಳು. ಮೂರು ದಿನ ಎಳೆದಳು ಅನ್ನುವವರುಂಟು. ನಮ್ಮಜ್ಜಿ ಮಾತ್ರ, ಒಂದು ಮಡಕೆ ಮುದ್ದೆ ಬೇಯುವಷ್ಟು ಹೊತ್ತು ಅನ್ನುತ್ತಿದ್ದಳು. ನಾನು ಅಜ್ಜಿಯ ಕಡೆ.

ಮೇಲೆ ಬಂದ ಕೇತಮ್ಮ ಬರಿಮಡಿಲು ನೋಡಿ ಕುಸಿದು ಕೂತಳಂತೆ. ರಾಚಮ್ಮ ಅವಳನ್ನು ತಬ್ಬಿಕೊಂಡಾಗ ಸೀರೆಯ ನೆರಿಗೆಯೊಳಗೆ ಏನೋ ಒತ್ತಿತು. ಬಿಡಿಸಿದರೆ ಒಂದು ಹಿಡಿ ಬೀಜ! ಇವತ್ತು ಆ ಗುಡ್ಡದ ಬುಡದಲ್ಲಿ ನೆಟ್ಟಗೆ ನಿಂತ ಹೊನ್ನೆಯೆಲ್ಲ ಆ ಒಂದು ಹಿಡಿಯದೇ ಅಂತೆ.

ಈಗಲೂ ಅಲ್ಲಿ ಬೀಜಕ್ಕೆ ಇಳಿದವರು ಮೊದಲ ಹಿಡಿಯನ್ನು ಗಾಳಿಗೆ ಬಿಡುತ್ತಾರೆ. ಹಗ್ಗ ಹಿಡಿದವರು ಮೇಲಿನಿಂದ "ಇದ್ದೀಯಾ?" ಎಂದು ಕೇಳುತ್ತಾರೆ. "ಇದ್ದೀನಿ" ಅಂದ ಮೇಲೆಯೇ ಮಡಿಲಿಗೆ ಬೀಜ.