ಹಿಡಿಕೆಗೆ ಕಟ್ಟಿದ ತಂತಿ

ಹೊಳೆಯ ದಂಡೆಯಲ್ಲಿ ಮೌನಪ್ಪಾಚಾರರ ಶೆಡ್ಡು. ಕಾಲುವೆಯ ತುಕ್ಕು ಹಿಡಿದ ಗೇಟುಗಳು ಅಲ್ಲಿಗೆ ಬರುತ್ತಿದ್ದವು. ಪೈಪಿನಿಂದ ಜೋರು ಗಾಳಿಯ ಜೊತೆ ಕಬ್ಬಿಣದ ಕಿಟ್ಟದ ಪುಡಿ ಹಾಯಿಸಿ ತುಕ್ಕು ತೆಗೆಯುವುದು ಆಚಾರರ ಕಸುಬು.

ಎದುರಿಗೇ ಹೊಳೆ ತುಂಬ ಮರಳಿತ್ತು. ಪುಡಿಯ ಬದಲು ಅದನ್ನು ಹಾಯಿಸಲು ಅವರು ಬಿಡುತ್ತಿರಲಿಲ್ಲ. “ಅದರ ದೂಳು ಎದಿಯೊಳಗ ಮನಿ ಕಟ್ಟತೈತಿ” ಎನ್ನುತ್ತಿದ್ದರು.

ಶಿಷ್ಯ ಸೋಮಲಿಂಗ ಆರು ವರ್ಷದಿಂದ ಅವರ ಬಳಿ ಕೆಲಸ ಕಲಿಯುತ್ತಿದ್ದ.

ಒಂದು ಬೆಳಿಗ್ಗೆ ಆಚಾರರು ಹೇಳಿದರು, “ಈ ಗೇಟು ನೀ ಒಬ್ಬನ ಮಾಡು. ಕೆಲಸ ನನ್ನ ಮನಸಿಗೆ ಬಂದ್ರ ಸಂಜಿಗೆ ಶೆಡ್ಡಿನ ಕೀಲಿ ನಿನಗ.”

ಹೋಗಿ ಬೇವಿನ ಮರದ ಕೆಳಗೆ, ಶೆಡ್ಡಿಗೆ ಬೆನ್ನು ಮಾಡಿ ಕುಳಿತರು. ಯಾವಾಗಲೂ ಹಾಗೇ. ಮುದುಕ ತೂಕಡಿಸುತ್ತಾನೆಂದೇ ಸೋಮಲಿಂಗ ತಿಳಿದಿದ್ದ.

ಸೋಮಲಿಂಗ ಗಾಳಿಕೊಳವೆಯ ಮುಸುಕು ತೊಟ್ಟು ಒಳಗೆ ಹೋದ. ಪೈಪಿನ ತುದಿಯಲ್ಲಿ ಒಂದು ಹಿಡಿಕೆ. ಒತ್ತಿ ಹಿಡಿದರಷ್ಟೇ ಗಾಳಿ, ಕೈ ಬಿಟ್ಟರೆ ಬಂದ್. ಸ್ವಲ್ಪ ಹೊತ್ತಿಗೆಲ್ಲ ಬೆರಳು ಮರಗಟ್ಟುತ್ತವೆ, ನಿಲ್ಲಲೇಬೇಕು. ಹೀಗೆ ನಿಂತು ನಿಂತು ಮಾಡಿದರೆ ಸಂಜೆಗೆ ಮುಗಿದಂತೆಯೇ!

ಆತುರಗಾರನಿಗೆ ಬುದ್ಧಿ ಮಟ್ಟ. ಸೋಮಲಿಂಗ ತಂತಿ ತಂದು ಹಿಡಿಕೆಯನ್ನು ಬಿಗಿದು ಕಟ್ಟಿದ.

ಆಮೇಲೆ ಶಬ್ದ ಒಮ್ಮೆಯೂ ನಿಲ್ಲಲಿಲ್ಲ.

ಅರ್ಧ ತಾಸು ಕಳೆದಿರಬೇಕು. ಪೈಪಿನ ಗಾಳಿ ತಾನಾಗಿ ಸತ್ತಿತು. ಹೊರಗೆ ಯಾರೋ ಪೈಪಿಗೆ ಗಾಳಿ ಒತ್ತುವ ದೊಡ್ಡ ಯಂತ್ರ ಆರಿಸಿದ್ದರು. ಮುಸುಕಿಗೆ ಉಸಿರು ಕೊಡುವ ಸಣ್ಣ ಯಂತ್ರ ಮಾತ್ರ ಓಡುತ್ತಿತ್ತು.

ದೂಳಿನಲ್ಲಿ ಬಾಗಿಲು ಕಾಣಲಿಲ್ಲ. ದನಿಯೊಂದು ಬಂತು.

“ಒಳಗ ಯಾರರ ಅದೀರೇನು?”

“ನಾನ್ರಿ ಗುರುಗಳ. ಸೋಮಲಿಂಗ.”

“ಪಂಪಣ್ಣ ಅಲ್ಲಲ್ಲ?”

ಆ ಹೆಸರನ್ನು ಅವನು ಕೇಳಿರಲೇ ಇಲ್ಲ.

ದೂಳಿನಿಂದ ಇನ್ನೊಂದು ಮುಸುಕು ಎದ್ದು ಬಂತು. ಅದರ ಗಾಜಿನ ಹಿಂದೆ ಮುಖ ಕಾಣಲಿಲ್ಲ. ಕೈಯೊಂದು ಅವನ ಭುಜ ಸವರಿತು, ಎದೆಯ ಮೇಲೆ ತುಸು ಹೊತ್ತು ನಿಂತಿತು. ಆಮೇಲೆ ಕೆಳಗಿಳಿದು ತಂತಿಯನ್ನು ಬಿಚ್ಚತೊಡಗಿತು.

“ಕೈ ಭಾಳ ನೋಯತೈತ್ರಿ. ಅದಕ್ಕ...”

ಆಚಾರರು ಅವನನ್ನು ಹಿಂದಿನ ಕಲ್ಲುಗೋಡೆಯ ಹತ್ತಿರ ಕರೆದೊಯ್ದರು. ಮೊಣಕಾಲೆತ್ತರದಲ್ಲಿ ಒಂದು ಗುಳಿ. ಅವನ ಕೈಯನ್ನು ಅದರೊಳಗೆ ಇಟ್ಟರು. ಮೊಣಕೈತನಕ ಹೋಯಿತು. ಒಳಗೆಲ್ಲ ನುಣುಪು.

“ಇದನ್ನ ಯಾರು ಕೊರದ್ರು ಗುರುಗಳ?”

“ಯಾರೂ ಇಲ್ಲ. ನಿನಗಿಂತ ಮೊದಲು ಇದ್ದ ಪಂಪಣ್ಣನೂ ತಂತಿ ಕಟ್ಟಿದ್ದ. ಮುಸುಕಿನ ಗಾಳಿ ನಿಂತು ಕೆಳಗ ಬಿದ್ದು ಸತ್ತಿದ್ದ. ಪೈಪು ಅವನ ಮೈ ಕೆಳಗ ಸಿಕ್ಕಿತ್ತು, ಸಂಜಿತನಕ ಈ ಗೋಡಿಗೇ ಪುಡಿ ಹೊಡೀತಿತ್ತು. ನಾ ಹೊರಗ ಕುಂತು, ನನ್ನ ಶಿಷ್ಯ ಎಷ್ಟು ಚಲೋ ದುಡಿತಾನ ಅಂತ ಹೊಗಳಾಕತ್ತಿದ್ದೆ.”

ಸೋಮಲಿಂಗ ಕೈಯನ್ನು ಹೊರಗೆಳೆದುಕೊಂಡ. ಅವನಿಗೆ ಅಳು ಬಂತು.

ಆಚಾರರು ಮುಸುಕಿನ ಯಂತ್ರ, ಕೊಳವೆ ಎಲ್ಲ ಮುಟ್ಟಿ ನೋಡಿ, ದೊಡ್ಡ ಯಂತ್ರ ಹಚ್ಚಿ, ಮತ್ತೆ ಬೇವಿನ ಮರದ ಕೆಳಗೆ ಹೋಗಿ ಕುಳಿತರು.

ಸೋಮಲಿಂಗ ಬರಿಗೈಯಿಂದ ಹಿಡಿಕೆ ಒತ್ತಿದ. ಬೆರಳು ಸೋತಾಗ ಬಿಟ್ಟ. ಹಾಗೆ ಬಿಟ್ಟಾಗಲೆಲ್ಲ ಹೊರಗಿನಿಂದ ಮುದುಕ ಕೆಮ್ಮುವುದು ಕೇಳುತ್ತಿತ್ತು.

ಹೊತ್ತು ಮುಳುಗಿತು. ಗೇಟು ಅರ್ಧ ಉಳಿದಿತ್ತು. ಅವನು ತಲೆ ತಗ್ಗಿಸಿ ಹೊರಬಂದ.

“ಮುಗೀಲಿಲ್ರಿ ಗುರುಗಳ.”

ಆಚಾರರು ಸೊಂಟದಿಂದ ಕೀಲಿ ಬಿಚ್ಚಿ ಅವನ ಬಾತ ಅಂಗೈಯಲ್ಲಿಟ್ಟರು.

“ನಲವತ್ತು ಸಲ ಶಬ್ದ ನಿಂತಿತು. ನಲವತ್ತು ಸಲನೂ ಕೈ ಬಿಡಾಕ ಒಳಗ ಮನುಷ್ಯಾ ಇದ್ದ.”