ಸೌಟು ಮುಟ್ಟದ ಮಾಯಪ್ಪ

ಹುಣಸೆ ಬೀಜದ ಅಂಟು ಗಂಟಾಗದಂತೆ ಕಾಯಿಸುವ ಹದ ಕಂಡುಹಿಡಿದವನು ವಿಶ್ವವಿದ್ಯಾಲಯದ ಪ್ರಯೋಗಾಲಯದ ಅಟೆಂಡರ್ ಮಾಯಪ್ಪ. ಪೇಟೆಂಟ್ ಅರ್ಜಿಯಲ್ಲಿ ಇದ್ದದ್ದು ಪ್ರೊಫೆಸರ್ ಚಿಕ್ಕೋಡಿಯವರ ಹೆಸರೊಂದೇ.

"ಅಟೆಂಡರ್ ಹೆಸರು ಹಾಕಿದ್ರೆ ಜನ ನಗ್ತಾರೆ. 'ಇದರಲ್ಲಿ ನನ್ನ ಪಾಲೇನೂ ಇಲ್ಲ' ಅಂತ ಸಹಿ ಮಾಡು," ಎಂದರು ಪ್ರೊಫೆಸರ್.

ಮಾಯಪ್ಪ ಸಹಿ ಮಾಡಿ, ಒಂದು ಜೆರಾಕ್ಸ್ ಜೇಬಿಗಿಟ್ಟುಕೊಂಡ.

ಮರುವಾರ ಹಕ್ಕು ಕೊಳ್ಳಲು ಕಂಪನಿಯವರು ಬಂದರು. ಅವರೆದುರು ಪ್ರೊಫೆಸರ್ ಮೂರು ಸಲ ಅಂಟು ಕಾಯಿಸಿದರು. ಮೂರು ಸಲವೂ ಗಂಟಾಯಿತು.

"ಮಾಯಪ್ಪಾ, ಸೌಟು ಹಿಡಿಯೋ!"

ಮಾಯಪ್ಪ ಜೆರಾಕ್ಸ್ ಬಿಡಿಸಿದ. "ನಾನು ಕೈ ಹಾಕಿದ್ರೆ ಈ ಕಾಗದ ಸುಳ್ಳಾಗುತ್ತೆ ಸಾರ್."

ಕಂಪನಿಯವರು ಕಾಗದ ಓದಿ ಪ್ರೊಫೆಸರ್ ಕೈಗೆ ಕೊಟ್ಟರು. ಪ್ರೊಫೆಸರ್ ಒಲೆ ಆರಿಸಿದರು. ಅರ್ಜಿ ತೆರೆದು, ಪೆನ್ನು ಹಿಡಿದು, ಹನ್ನೆರಡು ವರ್ಷ ಜೊತೆಗೆ ದುಡಿದವನನ್ನು ಮೊದಲ ಸಲ ಕೇಳಿದರು:

"ನಿನ್ನ ಪೂರ್ತಿ ಹೆಸರೇನಪ್ಪ?"