ಅರ್ಧ ತೆರೆದ ಟ್ರಾನ್ಸಿಸ್ಟರ್

ದಾವಣಗೆರೆಯಲ್ಲಿ ವನಮಾಲಾ ಎಂಬ ಶಿಕ್ಷಕಿ ಇದ್ದಳು. ಶಾಲೆಯಲ್ಲಿ ಭೂಗೋಳ ಕಲಿಸುವುದು ಅವಳ ಕೆಲಸ. ಮನೆಯಲ್ಲಿ ತಂತಿ, ಎಲ್‌ಇಡಿ, ಬ್ಯಾಟರಿ ಹರಡಿಕೊಂಡು ಕೂರುವುದು ಅವಳ ಹುಚ್ಚು.

ಅವಳ ಅಕ್ಕ ಮಂದಾಕಿನಿಗೆ ಮೊಮ್ಮಗಳು ಹುಟ್ಟುವ ಮೊದಲೇ ಜ್ವರ ಬಂದು ಕಿವಿ ಪೂರ್ತಿ ಹೋಗಿತ್ತು. ಆ ಪುಟ್ಟ ಮಗುವನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದವಳು ಅವಳೇ. ಒಂದು ದಿನ ಮಗು ತೊಟ್ಟಿಲಲ್ಲಿ ಅತ್ತು ಅತ್ತು ಬಿಕ್ಕುತ್ತಿದ್ದರೂ ಅಡುಗೆಮನೆಯಲ್ಲಿದ್ದ ಅಕ್ಕನಿಗೆ ಗೊತ್ತೇ ಆಗಲಿಲ್ಲ. ಅಂದಿನಿಂದ ಅವಳು ತೊಟ್ಟಿಲ ಬಳಿಯಿಂದ ಏಳಲು ಹೆದರಿದಳು. ಊಟಕ್ಕೂ ಏಳುತ್ತಿರಲಿಲ್ಲ.

ಕಿವಿಗೆ ಕೇಳದ್ದನ್ನು ಕಣ್ಣಿಗೆ ಕಾಣಿಸಬಹುದಲ್ಲ ಎಂದುಕೊಂಡಳು ವನಮಾಲಾ. ಮಗು ಅತ್ತರೆ ಕೆಂಪು, ಬಾಗಿಲು ಬಡಿದರೆ ನೀಲಿ, ಕುಕ್ಕರ್ ಕೂಗಿದರೆ ಹಸಿರು. ಅಡುಗೆಮನೆಯ ಗೋಡೆಯುದ್ದಕ್ಕೂ ಎಲ್‌ಇಡಿ ಪಟ್ಟಿ ಅಂಟಿಸಿದಳು. ಆದರೆ ಸದ್ದು ಗುರುತಿಸುವ ಸರ್ಕ್ಯೂಟ್ ಕೊಡುವ ಕರೆಂಟು ಬಹಳ ಸಣ್ಣದು. ಅಷ್ಟರಿಂದ ಪಟ್ಟಿ ಬೆಳಗುವುದಿಲ್ಲ. ನಡುವೆ ಟ್ರಾನ್ಸಿಸ್ಟರ್ ಎಂಬ ಬಿಡಿಭಾಗ ಬೇಕು. ಅದು ನಲ್ಲಿಯ ಹಾಗೆ. ಸಣ್ಣ ಕರೆಂಟು ಅದನ್ನು ತಿರುಗಿಸಿದರೆ ದೊಡ್ಡ ಕರೆಂಟು ಹರಿಯುತ್ತದೆ.

ಕೈಗೆ ಸಿಕ್ಕ ಚಿಕ್ಕ ಟ್ರಾನ್ಸಿಸ್ಟರ್ ಹಾಕಿದಳು. ಅದು ಅಷ್ಟು ಕರೆಂಟು ತಾಳಲಾರದೆ ಸುಟ್ಟುಹೋಯಿತು. ಹಾಗಾದರೆ ದೊಡ್ಡದೇ ಇರಲಿ ಎಂದು ಅಂಗಡಿಯಲ್ಲಿದ್ದ ಅತಿ ದಪ್ಪನೆಯದನ್ನು ತಂದು ಜೋಡಿಸಿದಳು. ಅದು ಸುಡಲಿಲ್ಲ, ಆದರೆ ಬೆಳಕು ಮಂಕು.

"ಈಗ ಹತ್ತಿದೆಯಾ?" ಅಕ್ಕ ಗೋಡೆಯನ್ನೇ ನೋಡುತ್ತಾ ಕೇಳಿದಳು. ವನಮಾಲಾ ಹೌದೆಂದು ತಲೆಯಾಡಿಸಬೇಕಾಯಿತು. ಅಕ್ಕ ಮತ್ತೆ ತೊಟ್ಟಿಲ ಬಳಿ ಹೋಗಿ ಕುಳಿತಳು.

ಆ ಹೊತ್ತಿಗೆ ನೆರೆಮನೆಯ ಲಿಂಗರಾಜಣ್ಣ ಇಕ್ಕಳ ಕೇಳಲು ಬಂದ. ತನ್ನ ಹಳೆಯ ಕಾರನ್ನು ಬಿಚ್ಚಿ ಜೋಡಿಸುವುದೆಂದರೆ ಅವನಿಗೆ ಹಬ್ಬ. ಟ್ರಾನ್ಸಿಸ್ಟರ್ ಮುಟ್ಟಿ ನೋಡಿ ಬೆರಳು ಹಿಂದೆಗೆದ.

"ಏನ್ ಟೀಚರ್, ಇಷ್ಟು ಕಾದಿದೆ?"

"ಅದೇ ತಿಳೀತಿಲ್ಲಣ್ಣ. ಈ ಪಟ್ಟಿಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಕರೆಂಟು ತಡ್ಕೊಳ್ಳುತ್ತೆ ಇದು. ಬೆಳಕು ಮಾತ್ರ ಬರ್ತಿಲ್ಲ. ನಿಮ್ಮ ಕಾರೇನಾಯ್ತು?"

"ಇಂಜಿನ್ ಬಲಾನ ಚಕ್ರಕ್ಕೆ ದಾಟಿಸೋ ಕ್ಲಚ್ ಸರಿ ಮಾಡ್ತಿದೀನಿ. ಪೂರ್ತಿ ಹಿಡೀದೆ ಜಾರ್ತಿತ್ತು. ಇಂಜಿನ್ ಕೂಗಾಡುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ಶಕ್ತಿಯೆಲ್ಲಾ ಕ್ಲಚ್ಚಲ್ಲೇ ಕಾದು ಹೋಗುತ್ತೆ."

ವನಮಾಲಾ ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟಳು. "ಪೂರ್ತಿ ಹಿಡಿದ್ರೆ ಕಾಯಲ್ವಾ?"

"ಇಲ್ಲ. ಪೂರ್ತಿ ಬಿಟ್ರೂ ಕಾಯಲ್ಲ. ನಡುವೆ ನಿಂತ್ರೇ ತೊಂದ್ರೆ."

ಹಾಗಾದರೆ ಈ ಟ್ರಾನ್ಸಿಸ್ಟರೂ ಅರ್ಧ ಮಾತ್ರ ತೆರೆದಿದೆಯೇ? ನೋಡಿಯೇ ಬಿಡೋಣ ಎಂದು ಅವಳು ಅದನ್ನು ತಿರುಗಿಸುವ ಸಣ್ಣ ಕರೆಂಟನ್ನು ಸರ್ಕ್ಯೂಟಿನ ಬದಲು ಬ್ಯಾಟರಿಯಿಂದಲೇ ತುಸು ಹೆಚ್ಚಾಗಿ ಕೊಟ್ಟಳು. ಗೋಡೆಯೆಲ್ಲ ಕೆಂಪಾಯಿತು. ಟ್ರಾನ್ಸಿಸ್ಟರ್ ಮೆಲ್ಲಗೆ ತಣಿಯಿತು. ಲಿಂಗರಾಜಣ್ಣ ಇಕ್ಕಳ ಮರೆತು ಅಲ್ಲೇ ಕೂತ.

ಟ್ರಾನ್ಸಿಸ್ಟರ್ ಕೆಟ್ಟಿರಲಿಲ್ಲ. ಆ ದೊಡ್ಡ ನಲ್ಲಿಯನ್ನು ಪೂರ್ತಿ ತಿರುಗಿಸುವ ಬಲ ಪುಟ್ಟ ಸರ್ಕ್ಯೂಟಿಗೆ ಇರಲಿಲ್ಲ, ಅಷ್ಟೆ.

ಮರುದಿನ ಅಂಗಡಿಯಲ್ಲಿ ಅವಳು ದೊಡ್ಡದು ಕೊಡಿ ಎನ್ನಲಿಲ್ಲ. "ಈ ಪಟ್ಟಿಯ ಕರೆಂಟು ತಡ್ಕೋಬೇಕು. ಈ ಸರ್ಕ್ಯೂಟ್ ಕೊಡೋ ಸಣ್ಣ ಕರೆಂಟಲ್ಲೇ ಪೂರ್ತಿ ತೆರೀಬೇಕು. ಅಂಥದ್ದು ಇದೆಯಾ?" ಎಂದು ಕೇಳಿದಳು. ಅಂಗಡಿಯವನು ಕೊಟ್ಟದ್ದು ಹಳೆಯದಕ್ಕಿಂತ ಎಷ್ಟೋ ಸಣ್ಣದಾಗಿತ್ತು. ಪ್ರತಿ ಬಣ್ಣಕ್ಕೂ ಅಂಥದ್ದೇ ಹಾಕಿದಳು.

ಸಂಜೆ ಅಕ್ಕ ಹಿಟ್ಟು ಕಲಸುತ್ತಿದ್ದಳು. ಗೋಡೆ ಕೆಂಪಾಯಿತು. ಅವಳು ಹಿಟ್ಟಿನ ಕೈಯಲ್ಲೇ ಓಡಿ ಮಗುವನ್ನು ಎತ್ತಿಕೊಂಡಳು. ಆಮೇಲೆ ತಂಗಿಯತ್ತ ತಿರುಗಿ ಕೇಳಿದಳು:

"ಇವಳ ದನಿ ಹೇಗಿದೆಯೇ?"

ನೀತಿ: ದೊಡ್ಡದು ಎಂಬ ಒಂದೇ ಕಾರಣಕ್ಕೆ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಎಷ್ಟು ಹೊರಬೇಕು, ಎಷ್ಟು ಬಲ ಸಿಕ್ಕರೆ ಪೂರ್ತಿ ತೆರೆದುಕೊಳ್ಳುತ್ತದೆ ಎಂದು ಎರಡನ್ನೂ ಕೇಳಿ ತಿಳಿದು ಆರಿಸಿಕೊಂಡದ್ದೇ ಬೆಳಕು ಕೊಡುತ್ತದೆ.